ಆರು ತೂಕದ ಗಾಜಿನ ಕೋಲು

ಹೊಳೆಹಟ್ಟಿ, ಖಾನಾಪುರ ತಾಲೂಕು
೧೨ ಆಗಸ್ಟ್ ೨೦೨೪

ಅಪ್ಪಾ,

ಅವ್ವ ಆರಾಮ ಇದ್ದಾಳೆ, ಹದಿನೇಳು ಕುರಿಯೂ ಆರಾಮ ಇವೆ, ನಾನು ಮಾತ್ರ ಇಲ್ಲ. ಹಿಂಡಲಗಾದಿಂದ ನೀನು ಫೋನು ಮಾಡಿದರೆ "ಚಲೋ ಅದೀನಿ, ನೀವು ಚಲೋ ಅದೀರೇನು" ಅನ್ನುವುದರಲ್ಲೇ ಜೈಲಿನವರು ಕೊಟ್ಟ ಹೊತ್ತು ಮುಗಿದುಹೋಗುತ್ತದೆ. ಅದಕ್ಕೆ ಕಾಗದ ಹಿಡಿದು ಕೂತಿದ್ದೇನೆ.

ನಿನ್ನೆ ಗೌರೀಶ ಮನೆಗೆ ಬಂದಿದ್ದ. ಅವನ ಕೈ ನೆಟ್ಟಗಾಗಿ ವರ್ಷವಾಯಿತು. ಆದರೂ ನಮ್ಮ ಹೊಸ್ತಿಲು ಕಂಡಕೂಡಲೇ ಅದು ಮತ್ತೆ ಡೊಂಕಾಗುತ್ತದೆ. ಆ ಡೊಂಕು ಕೈಯನ್ನು ಎದೆಗೆ ಹಿಡಿದುಕೊಂಡೇ ಅವ್ವನಿಗೆ ಹೇಳಿದ: "ಸತ್ಯವ್ವಾ, ಈ ವರ್ಷ ಕಂಬಳಿ ಮಡುವಿನ ಕಾವಲು ನಾ ಹಿಡೀತೀನಿ. ನಿಮ್ಮ ಮನ್ಯಾಗ ಗಂಡಸರು ಯಾರದಾರ ಹೇಳು?"

ಅವ್ವ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ. "ಟಗರು ಐತಲ್ಲಪ್ಪಾ. ಕರೀಲೇನು, ಮಾತಾಡ್ತಿ?" ಅಂದಳು.

ಅವನು ಹೋದ. ಆದರೆ ಅವನು ಹೇಳಿದ್ದು ಹೋಗಲಿಲ್ಲ. ಮಡುವಿಗೆ ಮದ್ದು ಹಾಕಿ, ಮರಿ ಮೀನು ತಾಯಿ ಮೀನು ಅನ್ನದೆ ಬೆಳ್ಳಗೆ ತೇಲಿಸಿದವನ ಕೈಗೇ ಮಡುವಿನ ಕಾವಲೇ? ಅವನನ್ನು ಹೊಡೆದದ್ದಕ್ಕೆ ನಿನಗೆ ಆರು ತಿಂಗಳು. ಮದ್ದು ಹಾಕಿದ ಅವನು ದಂಡ ಕಟ್ಟಿ, ಮೀಸೆ ತಿರುವಿಕೊಂಡು ಓಡಾಡುತ್ತಿದ್ದಾನೆ.

ಕಟ್ಟಳೆ ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಬರೆದರೆ ನನಗೆ ಧೈರ್ಯ. ಹೊಸ್ತಿಲ ಹುಣ್ಣಿಮೆಯ ದಿನ ಪೂಜಾರಿ ಮೈಲಾರಲಿಂಗಜ್ಜನ ಎದುರು, ಕಾವಲು ಬೇಕಾದವರು ಮಡುವಿನಿಂದ ಒಂದು ಮೀನು ಹಿಡಿಯಬೇಕು. ಅದರ ತಲೆಗೆ ಭಂಡಾರದ ಅರಿಶಿನ ಹಚ್ಚಬೇಕು. ಜೀವಂತ ನೀರಿಗೆ ಬಿಡಬೇಕು. ಕಾವಲು ಸಿಗುವುದು ಮೀನು ಹಿಡಿದ ಕೈಗಲ್ಲ, ಬಿಟ್ಟ ಕೈಗೆ. ಹನ್ನೆರಡು ವರ್ಷ ಅದು ನಿನ್ನ ಕೈ ಆಗಿತ್ತು. ಈ ಹುಣ್ಣಿಮೆ ಡಿಸೆಂಬರ್ ಹದಿನೈದಕ್ಕೆ, ನೀನು ಹೊರಗೆ ಬರುವುದು ಜನವರಿಯಲ್ಲಿ.

ಆ ದಿನ ಮಡುವಿನ ಕಲ್ಲಿನ ಮೇಲೆ ನಾನು ನಿಲ್ಲುತ್ತೇನೆ.

ಅವನನ್ನು ಹೊಡೆದ ನಿನ್ನ ಕೋಲು ಮುದ್ದೇಮಾಲು ಆಗಿ ಕೋರ್ಟಿನಲ್ಲಿ ಕೂತಿದೆ. ನನಗೆ ಬೇರೆ ಬೇಕು. ಹುಳುವಿನ ಹಾಗೆ ಗರಿ ಕಟ್ಟಿದ ಗಾಳ ಬೀಸುವ ಕೋಲಿನಲ್ಲಿ ಯಾವುದು ತಗೊಳ್ಳಲಿ? ನಿಲ್ಲಲೋ ಬೇಡವೋ ಎಂದು ಕೇಳುತ್ತಿಲ್ಲ. ಯಾವ ಕೋಲು ಎಂದಷ್ಟೇ ಕೇಳುತ್ತಿದ್ದೇನೆ.

ನಿನ್ನ ಮಗಳು,
ಪ್ರಮಿಳಾ


ಹಿಂಡಲಗಾ
೩೦ ಆಗಸ್ಟ್ ೨೦೨೪

ಚಿ. ಪ್ರಮಿಳಾಗೆ ಅಪ್ಪನ ಆಶೀರ್ವಾದ.

ಬೇಡ.

ಗೌರೀಶ ಒಬ್ಬನೇ ಅಲ್ಲ, ಅವನ ಹಿಂದೆ ನಾಲ್ಕು ಜನ ಇದ್ದಾರೆ. ನೀನು ಡೇರಿಯಲ್ಲಿ ಹಾಲು ತೂಗುವ ಹುಡುಗಿ. ಬೆಳಿಗ್ಗೆ ಸಂಜೆ ಅದೇ ದಾರಿಯಲ್ಲಿ ಒಬ್ಬಳೇ ಹೋಗಿ ಬರಬೇಕು. ಒಂದು ವರ್ಷ ಕಾವಲು ಹೋದರೆ ಹೋಗಲಿ, ನಾನು ಬಂದಮೇಲೆ ನೋಡೋಣ. ಮೀನು ಹಿಡಿಯುವುದು ನಿನ್ನ ಕೈಲಿ ಆಗುವುದಿಲ್ಲ ಎಂದು ಹೇಳುತ್ತಿಲ್ಲ. ಆದರೆ ನೀನು ಇಲ್ಲಿತನಕ ಬೀಸಿದ್ದು ಕವಣೆ ಒಂದೇ. ಗಿಳಿ ಓಡಿಸುವುದು ಬೇರೆ, ಗರಿಯನ್ನು ನೀರಿಗೆ ಗೊತ್ತಾಗದ ಹಾಗೆ ಇಳಿಸುವುದು ಬೇರೆ.

ಅವ್ವನಿಗೆ ಹೇಳು, ಇಲ್ಲಿ ಊಟ ಸಾಕಷ್ಟು ಕೊಡುತ್ತಾರೆ. ನನ್ನನ್ನು ತೋಟದ ಕೆಲಸಕ್ಕೆ ಹಾಕಿದ್ದಾರೆ. ಬದನೆ ಚೆನ್ನಾಗಿ ಬಂದಿದೆ.

ನಿನ್ನ ಅಪ್ಪ,
ಕಂಬಳಿ ಮಡುವಿನ ಕಾವಲಿನ ರಾಯಪ್ಪ

ತಾ.ಕ.: ಬೇಡ ಎಂದೆ. ಅದು ಹಾಗೇ ಇರಲಿ. ಬೇರೆ ಯಾರಾದರೂ ಕೋಲಿನ ವಿಷಯ ಕೇಳಿದರೆ ಹೀಗೆ ಹೇಳು: ಗಾಜಿನ ಕೋಲು, ಎಂಟು ಫೂಟು, ಮೂರು ತುಂಡಿನದು, ಐದು ತೂಕದ್ದು. ಕೈ ಸಣ್ಣದಿದ್ದವರಿಗೆ ಐದು ಸಾಕು.


ಹೊಳೆಹಟ್ಟಿ
೧೮ ಸೆಪ್ಟೆಂಬರ್ ೨೦೨೪

ಅಪ್ಪಾ,

ನಿನ್ನ 'ಬೇಡ' ಸಿಕ್ಕಿತು. ಅದನ್ನು ಅವ್ವನ ಟ್ರಂಕಿನಲ್ಲಿ ಜೋಪಾನ ಮಾಡಿ ಇಟ್ಟಿದ್ದೇನೆ. ತಾಜಾಕಲಮು ಮಾತ್ರ ನನ್ನ ಚೀಲದಲ್ಲಿ ಇಟ್ಟುಕೊಂಡು, ಹೋದ ರವಿವಾರ ಬೆಳಗಾವಿಗೆ ಹೋದೆ.

ಅಂಗಡಿಯವನು ಒಳ್ಳೆಯವನೇ. ಅವನ ಹತ್ತಿರ ಹೆಚ್ಚಾಗಿ ಕಣಕದ ಉಂಡೆ ಕಟ್ಟಿ ಎಸೆಯುವ ಗಾಳದ ಸಾಮಾನು. ಗರಿಯ ಕೋಲು ಮೂರೇ ಇದ್ದವು, ಅವೂ ಧೂಳು ಹಿಡಿದು ಮೂಲೆಯಲ್ಲಿ. "ಐದು ತೂಕದ್ದು ಕೊಡ್ರಿ" ಅಂದೆ. ಒಂದು ಕೊಟ್ಟ. ಬಾಜು ಕಿರಾಣಿ ಅಂಗಡಿಯ ತಕ್ಕಡಿ ಕೇಳಿ ತೂಗಿದೆ. ತೊಂಬತ್ತು ಗ್ರಾಂ! ಐದು ಎಲ್ಲಿ ಬಂತು? ಇನ್ನೊಂದರ ಮೇಲೆ ನಾಲ್ಕು ಎಂದು ಬರೆದಿತ್ತು, ಅದು ನೂರಾ ಐದು ಗ್ರಾಂ ತೂಗಿತು. ನಾಲ್ಕು ಐದಕ್ಕಿಂತ ಭಾರ ಇರುವುದು ಯಾವ ಲೆಕ್ಕ?

"ಇದೇನ್ರಿ ಅಣ್ಣಾರ, ಮೋಸ?" ಅಂದೆ.

"ನನಗೂ ಗೊತ್ತಿಲ್ಲ ತಂಗಿ, ಕಂಪನಿಯವರು ಹಾಕಿದ ನಂಬರು" ಅಂದ.

ಡೇರಿಯಲ್ಲಿ ನಾಲ್ಕು ವರ್ಷದಿಂದ ಒಬ್ಬರೂ ನನ್ನೆದುರು ನೀರು ಬೆರೆಸಿದ ಹಾಲು ದಾಟಿಸಿಲ್ಲ. ಇವರು ದಾಟಿಸುತ್ತಾರೆಯೇ? ತಿರುಗಿ ಬಂದೆ.

ಅವ್ವನದು ಬೇರೆಯೇ ಚಿಂತೆ. "ಗಾಜಿನ ಕೋಲಂದರ ಬಳಿ ಇದ್ದಂಗಲ್ಲೇನ? ಮೀನು ಒಮ್ಮಿ ಎಳದರ ಫಳ್ಳ ಅಂದು ಕೈಯಾಗ ಚುಚ್ಚತೈತಿ" ಎಂದು, ತರುವ ಮೊದಲೇ ಅದನ್ನು ಸುತ್ತಿಡಲು ಹಳೆಯ ಕೌದಿ ಹರಿದು ಇಟ್ಟಿದ್ದಾಳೆ. ನಿನ್ನ ಕೋಲು ಗೌರೀಶನ ಮೈಮೇಲೆ ಮುರಿದು ಚೂರಾಗಿದೆ ಎಂದೇ ಅವಳ ನಂಬಿಕೆ. ಊರವರೂ ಹಾಗೇ ಅನ್ನುತ್ತಾರೆ. ನಾನೂ ಕೇಳಿರಲಿಲ್ಲ, ಈಗ ಕೇಳುತ್ತೇನೆ. ಮುರಿಯಿತೇ?

ಮತ್ತೆ ಆ ಐದು ಅಂದರೆ ಏನು, ಅದನ್ನು ಬರಿ. ಬೇರೆ ಯಾರೋ ಕೇಳುತ್ತಿದ್ದಾರೆ ಎಂದು ತಿಳಿದೇ ಬರಿ.

ಪ್ರಮಿಳಾ


ಹಿಂಡಲಗಾ
೬ ಅಕ್ಟೋಬರ್ ೨೦೨೪

ಚಿ. ಪ್ರಮಿಳಾಗೆ,

ನಿನ್ನ ತಕ್ಕಡಿಯ ಕಥೆ ಇಲ್ಲಿ ನನಗಿಂತ ಮೊದಲೇ ನಾಲ್ಕು ಜನ ಓದಿದ್ದರು. ಕಾಗದಗಳನ್ನು ನೋಡಿಯೇ ನಮಗೆ ಕೊಡುವುದಲ್ಲವೇ. ಜೈಲರ್ ಸಾಹೇಬರು ಕರೆಸಿದರು. ಮೇಜಿನ ಮೇಲೆ ನಿನ್ನ ಕಾಗದ.

"ರಾಯಪ್ಪಾ, ಮಗಳು ಏನು ಶಸ್ತ್ರ ತಗೊಳ್ಳಾಕ ಹೊಂಟಾಳ? ಐದು ತೂಕ ಅಂತೀರಿ, ಗಾಜು ಅಂತೀರಿ, ಕೌದ್ಯಾಗ ಸುತ್ತಿ ಇಡ್ತೀವಿ ಅಂತೀರಿ. ಗೌರೀಶಂದು ಇನ್ನೊಂದು ಕೈ ಉಳದೈತಂತೇನು?"

"ಅಲ್ಲರೀ ಸಾಹೇಬ್ರ, ಮೀನಿಂದ್ರಿ" ಅಂದೆ. ನಂಬಲಿಲ್ಲ. ಕಸಬರಿಗೆಯ ಉದ್ದ ಕೋಲು ಕೊಡಿ, ಚೀಲ ಹೊಲೆಯುವ ದಪ್ಪ ದಾರ ಕೊಡಿ ಅಂದೆ. ಅಂಗಳದಲ್ಲಿ ನಿಂತು ಬೀಸಿ ತೋರಿಸಿದೆ. ತುದಿಗೆ ಕಟ್ಟಿದ ಕೋಳಿಪುಚ್ಚ ಸಾಹೇಬರ ಬೂಟಿನ ಮುಂದೆ ಗೇಣು ದೂರಕ್ಕೆ ಇಳಿಯಿತು. ಈಗ ಬಿಡುವಿದ್ದಾಗ ಅವರೂ ಒಂದು ಕೈ ನೋಡುತ್ತಾರೆ. ಅವಸರ ಜಾಸ್ತಿ, ಬರುವುದಿಲ್ಲ.

ಈಗ ಕೇಳು. ಆ ಅಂಕಿ ಕೋಲಿನ ತೂಕದ್ದಲ್ಲ. ಕೋಲು ಬೀಸುವ ದಾರದ ತೂಕದ್ದು. ಅಂಕಿ ಏರಿದಷ್ಟೂ ದಾರ ಭಾರ, ಅದನ್ನು ಹೊರುವ ಕೋಲೂ ಬಿಗಿ. ಕವಣೆಯಲ್ಲಿ ಕಲ್ಲು ಹೋಗುತ್ತದೆ, ದಾರ ನಿನ್ನ ಕೈಯಲ್ಲಿ ಉಳಿಯುತ್ತದೆ. ಇಲ್ಲಿ ಗರಿಗೆ ತೂಕವೇ ಇಲ್ಲ, ಅದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ದಾರವೇ ಕಲ್ಲು. ಇದನ್ನು, ನನಗೆ ಗರಿ ಬೀಸಲು ಕಲಿಸಿದ ಬೆಳಗಾವಿ ಕ್ಯಾಂಪಿನ ಮೇಜರ್ ಸಾಹೇಬರು ತಮ್ಮ ಬಂಗಲೆಯ ತೋಟದಲ್ಲಿ ಮೂರು ತಿಂಗಳು ಹೇಳಿದರು, ತಿಳಿಯಲಿಲ್ಲ. ಕವಣೆಯನ್ನು ನೆನೆದ ದಿನ ತಿಳಿಯಿತು.

ಗಾಜು ಎಂದರೆ ಬಳೆಯಲ್ಲ ಎಂದು ಅವ್ವನಿಗೆ ಹೇಳು. ಗಾಜನ್ನು ಉಣ್ಣೆಯ ಹಾಗೆ ಎಳೆ ಎಳೆ ತೆಗೆದು, ಅಂಟಿನಲ್ಲಿ ಸುತ್ತಿ ಮಾಡಿದ್ದು. ಒಂದು ಎಳೆ ಉಣ್ಣೆಯನ್ನು ಅವಳು ಉಗುರಿನಲ್ಲಿ ಹರಿಯುತ್ತಾಳೆ. ಕಂಬಳಿಯನ್ನು ಹರಿದು ತೋರಿಸಲಿ. ನನ್ನ ಕೋಲು ಮುರಿದಿಲ್ಲ. ಒಂದು ಏಟು ಹೊಡೆದೆ, ಅದು ಬಾಗಿತು. ಗೌರೀಶ ಹಿಂದೆ ಸರಿದು, ಪಾಚಿಗಲ್ಲಿನ ಮೇಲೆ ಬಿದ್ದು ಕೈ ಮುರಿದುಕೊಂಡ. ಕೋರ್ಟಿನಲ್ಲಿ ಕೋಲು ಇಡಿಯಾಗಿ ಇದೆ, ಎಂಟು ಫೂಟು, ಚೀಟಿ ಕಟ್ಟಿಸಿಕೊಂಡು.

ಅದೇ ಕ್ಯಾಂಪಿನಲ್ಲಿ ಮಧುಕರರಾಯರ ಮನೆ ನಿನಗೆ ಗೊತ್ತು. ಪ್ರತಿ ಚಳಿಗಾಲ ಮಡುವಿಗೆ ಮೀನು ಹಿಡಿದು ಬಿಡಲು ಬರುವ ಬೆಳಗಾವಿಯವರಿಗೆಲ್ಲ ಹಿರಿಯರು ಅವರೇ. ಅವರ ಹತ್ತಿರ ತರಾವರಿ ಕೋಲು ಇವೆ. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಐದನ್ನೇ ನೋಡು. ನಿನ್ನ ಕೈ ಸಣ್ಣದು.

ನಿನ್ನ ಅಪ್ಪ,
ಕಂಬಳಿ ಮಡುವಿನ ಕಾವಲಿನ ರಾಯಪ್ಪ


ಹೊಳೆಹಟ್ಟಿ
೧೦ ನವೆಂಬರ್ ೨೦೨೪

ಅಪ್ಪಾ,

ಈ ಸಣ್ಣ ಕೈ ದಿನಕ್ಕೆ ಆರು ಕ್ಯಾನು ಹಾಲು ಗಾಡಿಗೆ ಎತ್ತುತ್ತದೆ, ಒಂದೊಂದು ನಲವತ್ತು ಲೀಟರು. ನಿನಗೆ ನೆನಪಿಲ್ಲದಿದ್ದರೆ ಎಂದು ಬರೆದೆ.

ಮಧುಕರ ಕಾಕಾನ ಮನೆಗೆ ಮೂರು ರವಿವಾರ ಹೋದೆ. ಅವರು ಪಡಸಾಲೆಯ ಬೆಂಚಿನ ಮೇಲೆ ಕೋಲುಗಳನ್ನು ಸಾಲಾಗಿ ಇಟ್ಟು, "ಬಘ, ನೋಡು ಪ್ರಮಿಳಾ, ನಾ ಏನೂ ಹೇಳಂಗಿಲ್ಲ. ಎಲ್ಲಾ ಬೀಸಿ ನೋಡು, ನಿನ್ನ ಕೈನ ಹೇಳತೈತಿ" ಅಂದರು. ಹಾಗಂದು ಒಂದು ತಾಸು ತಾವೇ ಹೇಳಿದರು.

ಮೊದಲು ಕಾರ್ಬನ್ ಕೋಲು. ಹಗುರ, ಬಿರುಸು. ದಾರ ಅವರ ಕಂಪೌಂಡು ದಾಟಿ ರಸ್ತೆಗೆ ಹೋಯಿತು. ನನಗೆ ಖುಷಿ ಆಯಿತು. ಆಮೇಲೆ ಯೋಚಿಸಿದೆ. ನಮ್ಮ ಮಡು ಈ ದಂಡೆಯಿಂದ ಆ ದಂಡೆಗೆ ನಲವತ್ತು ಫೂಟಿಲ್ಲ. ಮೇಲೆ ಹೊಂಗೆ ಬಾಗಿದೆ, ಸುತ್ತ ಬಂಡೆ. ರಸ್ತೆಗೆ ಎಸೆಯುವ ಕೋಲು ತಗೊಂಡು ನಾನು ಎಲ್ಲಿ ಎಸೆಯಲಿ? ಬಂಡೆಗೆ ಒಮ್ಮೆ ಬಡಿದರೆ ಅದೇ ಸೀಳುತ್ತದೆ, ಗಾಜಲ್ಲ, ಎಂದು ಕಾಕಾ ಒಪ್ಪಿಕೊಂಡರು.

ಆಮೇಲೆ ಗಾಜಿನವು. ಐದು ಬೀಸಿದೆ. ನೀನು ಹೇಳಿದ್ದು ಸುಳ್ಳಲ್ಲ, ಗರಿ ಹೂವು ಬಿದ್ದ ಹಾಗೆ ಬಿತ್ತು. ಕಾಕಾ ದಾರದ ತುದಿಗೆ ನೀರು ತುಂಬಿದ ಡಬ್ಬಿ ಕಟ್ಟಿ, ಎಳೆ ಅಂದರು. ಐದು ಹಿಡಿಕೆಯತನಕ ಬಾಗಿತು, ಡಬ್ಬಿ ಬರಲಿಲ್ಲ. ಆರು ಬಾಗಿತು, ಬಂತು. ಏಳರಲ್ಲಿ ಡಬ್ಬಿ ಓಡಿಬಂತು, ಆದರೆ ಆ ದಾರ ನೀರಿಗೆ ಬಿದ್ದರೆ ಮಡುವಿನ ಮೀನೆಲ್ಲ ಗೋವೆಗೆ ಹೋಗುತ್ತವೆ.

ನಾನು ಆರು ಆರಿಸಿದೆ.

ಯಾಕೆ ಎಂದು ಕೇಳು. ಮಡುವಿನಲ್ಲಿ ಬೆರಳುದ್ದದ ಮರಿಯೂ ಇದೆ, ನಾಲ್ಕು ಕಿಲೋ ತೂಗುವ ಖಡಸು ಮೀನೂ ಇದೆ. ಯಾವುದು ಕಚ್ಚುತ್ತದೋ ನನ್ನ ಕೈಯಲ್ಲಿಲ್ಲ. ಐದರಲ್ಲಿ ದೊಡ್ಡದು ಸಿಕ್ಕರೆ ಅರ್ಧ ತಾಸು ಆಡಿಸಬೇಕು. ಅಷ್ಟರಲ್ಲಿ ಅದು ದಣಿದು ಸಾಯುತ್ತದೆ. ಹಿಡಿಯುವುದಕ್ಕೆ ಐದು ಸಾಕು ಅಪ್ಪಾ, ಬಿಡುವುದಕ್ಕೆ ಆರು ಬೇಕು. ನೀನು ನನ್ನ ಕೈ ನೋಡಿ ಅಂಕಿ ಹೇಳಿದೆ. ಮೀನನ್ನು ನೋಡಿ ಹೇಳಬೇಕಿತ್ತು.

ಕಾಕಾ ತಮ್ಮ ಕೋಲನ್ನು ಹಾಗೇ ಕೊಡಲು ಬಂದರು. ನಾನು ತಗೊಳ್ಳಲಿಲ್ಲ. ಅದೇ ತರಹದ್ದನ್ನು ನನ್ನ ಪಗಾರದಲ್ಲಿ ತರಿಸಿಕೊಂಡೆ. ಜೇನಿನ ಬಣ್ಣ, ಎಂಟು ಫೂಟು, ಮೂರು ತುಂಡು. ಅವ್ವ ಅದನ್ನು ಬಾಗಿಸಿ, ಬಿಟ್ಟು, ಮತ್ತೆ ಬಾಗಿಸಿ, ಕೊನೆಗೂ ಕೌದಿಯಲ್ಲೇ ಸುತ್ತಿಟ್ಟಳು. ಗಾಳಕ್ಕೆ ನಮ್ಮ ಕರಿ ಕುರಿಯ ಉಣ್ಣೆ ಹೊಸೆದು ಕೊಟ್ಟವಳೂ ಅವಳೇ.

ದಿನಾ ಹಿತ್ತಲಿನಲ್ಲಿ ಬೀಸುತ್ತೇನೆ. ಗಾಜು ಅವಸರ ಒಪ್ಪುವುದಿಲ್ಲ. ಹಿಂದೆ ಹೋದ ದಾರ ನೆಟ್ಟಗಾಗುವತನಕ ಕೈ ಕಾಯಬೇಕು. ಇದನ್ನು ಹೇಳಿದರೆ ಅವ್ವ, "ನಿಮ್ಮಪ್ಪ ಅಷ್ಟ ಕಾದಿದ್ದರ ಇಷ್ಟೊತ್ತಿಗೆ ಮನ್ಯಾಗ ರೊಟ್ಟಿ ತಿಂತಿದ್ದ" ಅಂದಳು.

ಗೌರೀಶ ಹೊಸ ಮಾತು ಎಬ್ಬಿಸಿದ್ದಾನೆ. ಮಡುವಿನ ದೇವರಿಗೆ ಹೆಣ್ಣಿನ ಕೈ ಆಗುವುದಿಲ್ಲವಂತೆ. ಡೇರಿಯ ಮುಂದೆ, ಕ್ಯಾನುಗಳ ನಡುವೆ ನಿಂತು ಹೇಳಿದ. ನಾನೂ ಅಲ್ಲೇ ಕೇಳಿದೆ: "ಮಡುವಿಗೆ ಕಂಬಳಿ ಮಡು ಅಂತ ಹೆಸರು ಯಾಕ ಬಂತು ಗೌರೀಶಣ್ಣಾ? ಕಂಬಳಿ ತೊಳೆಯಾಕ ಹೋದಾಕಿ ಕೈಗೆ ದೇವರ ಕಲ್ಲು ಸಿಕ್ಕಿತ್ತಂತ. ಆಕಿ ಗಂಡಸೇನು?" ಹಾಲು ಹಾಕಲು ಬಂದವರು ನಕ್ಕರು. ಅವನು ನಗಲಿಲ್ಲ.

ಪ್ರಮಿಳಾ


ಹಿಂಡಲಗಾ
೨೮ ನವೆಂಬರ್ ೨೦೨೪

ಚಿ. ಪ್ರಮಿಳಾಗೆ,

ಗೌರೀಶ ಮೊನ್ನೆ ನನ್ನನ್ನು ನೋಡಲು ಬಂದಿದ್ದ. ಬಾಳೆಹಣ್ಣು ತಂದಿದ್ದ. "ರಾಯಪ್ಪಣ್ಣಾ, ಹಳೇದು ಮರತಬಿಡೂಣು. ಮಗಳಿಗೆ ಎರಡು ಸಾಲು ಬರದು ಕೊಡು, ನಿಲ್ಲಬ್ಯಾಡ ಅಂತ. ಬರೂ ವರ್ಷ ಕಾವಲು ನಿನಗ ತಿರುಗಿ ಕೊಡ್ತೀನಿ" ಅಂದ.

ಕೋರ್ಟಿನಲ್ಲಿಯೂ ಹೀಗೇ ಆಗಿತ್ತು. ತಪ್ಪಾಯಿತು ಎಂದು ಹೇಳಿದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಹೇಳು ಎಂದು ವಕೀಲರು ನನ್ನ ಅಂಗಿ ಜಗ್ಗಿದರು. "ಹೊಡದದ್ದು ಖರೇರಿ. ತಪ್ಪಾತು ಅನ್ನಾಕ ಬರಂಗಿಲ್ಲ" ಅಂದೆ. ನಿಮ್ಮಿಬ್ಬರನ್ನು ಕೇಳದೆ ಅಂದೆ. ಆರು ತಿಂಗಳು ನನಗೊಬ್ಬನಿಗೇ ಆಗುತ್ತದೆ ಎಂದು ತಿಳಿದಿದ್ದೆ. ನಿಮಗೂ ಆಯಿತು. ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು, ಬದನೆಕಾಯಿಯ ಬಗ್ಗೆ ಬರೆದೆ.

ಗೌರೀಶನಿಗೆ ಹೇಳಿದೆ: "ಆಕಿ ಕೋಲು ಕೇಳಿ ಕಾಗದ ಬರದಳು, ಅಪ್ಪಣಿ ಕೇಳಿ ಅಲ್ಲ. ಕೇಳಲಾರದ್ದನ್ನ ನಾ ಹೆಂಗ ಕೊಡಲಿ?" ಬಾಳೆಹಣ್ಣು ತಿರುಗಿ ಕಳಿಸಿದೆ. ಇಲ್ಲಿಯವರು ಅದಕ್ಕೆ ಇನ್ನೂ ಬೈಯುತ್ತಿದ್ದಾರೆ.

ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡು, ಬಿಡಿಸಲು ಸುಲಭ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟು. ಬಿಡುವಾಗ ಅದರ ಮೂತಿ ಹರಿವಿಗೆ ಎದುರಾಗಿ ಹಿಡಿ.

ಐದು, ಆರರ ಬಗ್ಗೆ ಏನೂ ಬರೆಯುವುದಿಲ್ಲ.

ನಿನ್ನ ಅಪ್ಪ,
ಕಂಬಳಿ ಮಡುವಿನ ಕಾವಲಿನ ರಾಯಪ್ಪ


ಹೊಳೆಹಟ್ಟಿ
೧೬ ಡಿಸೆಂಬರ್ ೨೦೨೪

ಅಪ್ಪಾ,

ನಿನ್ನೆ ಹುಣ್ಣಿಮೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನನ್ನ ಕಡೆ ಒಂದು ಚಮಚೆಯೂ ಜಾಸ್ತಿ ತೂಗುವುದಿಲ್ಲ.

ಬಿಸಿಲು ಏರುವ ಹೊತ್ತಿಗೆ ಊರೆಲ್ಲ ದಂಡೆಯಲ್ಲಿತ್ತು. ಮೈಲಾರಲಿಂಗಜ್ಜ ನೀರಿಗೆ ಭಂಡಾರ ಎರಚಿ, "ಯಾರ್ಯಾರು?" ಅಂದ. ಗೌರೀಶ ಅಂದ, ನಾನು ಅಂದೆ. "ಹೆಣ್ಣ ಕೈ" ಎಂದು ಅವನ ಕಡೆಯವರು ಗೊಣಗಿದರು. ಅಜ್ಜ, "ಮೀನಿಗೆ ಕೇಳೂಣು" ಅಂದ.

ಮೊದಲು ಗೌರೀಶ. ಕಣಕದ ಉಂಡೆ ಕಟ್ಟಿ ಎಸೆದ. ಒಪ್ಪಬೇಕು, ಅವನಿಗೆ ನೀರು ಗೊತ್ತು. ಹತ್ತು ನಿಮಿಷದಲ್ಲಿ ಮೊಳದುದ್ದದ ಖಡಸು ಎತ್ತಿದ. ಶಿಳ್ಳೆ ಬಿದ್ದವು. ಭಂಡಾರ ಹಚ್ಚಿದ. ಅಷ್ಟಕ್ಕೇ ನೀರಿಗೆ ಬಿಟ್ಟಿದ್ದರೆ ನಾನು ಕೋಲು ಬಿಚ್ಚಿಕೊಂಡು ಮನೆಗೆ ಬರುತ್ತಿದ್ದೆ. ಆದರೆ ಅವನ ಕಡೆಯವರು ಮೊಬೈಲು ತೆಗೆದರು. ಈ ಕಡೆ ತಿರುಗು, ಆ ಕಡೆ ತಿರುಗು, ಮೀನು ಎತ್ತರಕ್ಕೆ ಹಿಡಿ. ಡೊಂಕು ಕೈಯೂ ಆಗ ನೆಟ್ಟಗೇ ಇತ್ತು. ನೀರಿಗೆ ಬಿಟ್ಟಾಗ ಮೀನು ಹೊಟ್ಟೆ ಮೇಲೆ ಮಾಡಿತು.

ಗೌರೀಶ ನೋಡುತ್ತ ನಿಂತ. ನಾನು ಕೋಲನ್ನು ಅವ್ವನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೆ. ಮೀನನ್ನು ಹಿಡಿದು, ಮೂತಿ ಹರಿವಿಗೆ ಕೊಟ್ಟು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಕಾಲು ಮರಗಟ್ಟಿದ್ದವು. ಕಿವಿರು ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು. ಆಮೇಲೆ ಬಾಲದಿಂದ ನನ್ನ ಮೊಣಕೈಗೆ ಬಡಿದು ಹೋಯಿತು.

"ನನ್ನ ಮೀನು ಬದುಕೇತಿ" ಎಂದು ಗೌರೀಶ ಮೊದಲು ಕೂಗಿದ.

ಮೈಲಾರಲಿಂಗಜ್ಜ ತಲೆ ಅಲ್ಲಾಡಿಸಿದ. "ಹಿಡದ ಕೈ ನಿಂದು. ಬಿಟ್ಟ ಕೈ ಈಕಿದು. ಕಟ್ಟಳಿ ಏನೈತಿ? ಮುಗೀತು. ಕಾವಲು ಪ್ರಮಿಳಾದು."

ಹಲಗೆ ಬಾರಿಸುವವರು ಕೋಲು ಎತ್ತಿದರು. ನಾನು ನೀರಲ್ಲೇ ನಿಂತು, "ಬ್ಯಾಡ್ರಿ ಅಜ್ಜಾ" ಅಂದೆ. "ಅದು ಅವನ ಮೀನು. ಸಾಯಬಾರದು ಅಂತ ಬಿಟ್ಟೆ, ಕಾವಲಿಗಲ್ಲ. ನನ್ನ ಮೀನು ನಾ ಹಿಡೀತೀನಿ, ನಾ ಬಿಡ್ತೀನಿ. ಇಲ್ಲಂದ್ರ ನಾಳಿ ಇವನು, ಆಕಿಗೆ ಕೋಲು ಹಿಡಿಯಾಕ ಬರಂಗಿಲ್ಲ ಅಂತ ಊರ ತುಂಬ ಸಾರತಾನು."

"ಹುಚ್ಚಿ, ಕೊಟ್ಟದ್ದು ತಗೋ" ಅಂದರು ಯಾರೋ. "ಅಪ್ಪನ್ನ ಹೋಲತಾಳ" ಅಂದರು ಇನ್ಯಾರೋ. ಅವ್ವ ಕೋಲು ತಂದು ಕೊಟ್ಟಳು.

ಮೊದಲ ಬೀಸು ಹಿಂದೆ ಹೋಗಿ ಹೊಂಗೆಯ ಟೊಂಗೆಗೆ ಸಿಕ್ಕಿತು. "ಮೀನು ಗಿಡದಾಗ ಐತೇನ ತಂಗಿ?" ಎಂದು ಗೌರೀಶ ಕೇಳಿದ, ಊರೆಲ್ಲ ನಕ್ಕಿತು. ಅವ್ವ ಬಿಡಿಸಿಕೊಟ್ಟಳು. ಎರಡನೆಯದು ಬಂಡೆಯ ಮೇಲೆ ಬಿತ್ತು. ಅವಸರ ಮಾಡುತ್ತಿದ್ದೇನೆ ಎಂದು ಗೊತ್ತಾಯಿತು. ದಾರವೇ ಕಲ್ಲು ಅಂದುಕೊಂಡೆ. ಹಿಂದೆ ಹೋದ ದಾರ ನೆಟ್ಟಗಾಗಿ, ಅದರ ಭಾರ ಅಂಗೈಗೆ ಬರುವತನಕ ಕಾದೆ. ಆಮೇಲೆ ಬಿಟ್ಟೆ. ಕರಿ ಉಣ್ಣೆಯ ಗರಿ ಟೊಂಗೆಯ ನೆರಳಿನಲ್ಲಿ ಇಳಿಯಿತು.

ನೀರು ಒಡೆಯಿತು ಅಪ್ಪಾ. ಕೋಲು ಹಿಡಿಕೆಯತನಕ ಬಾಗಿತು. ಅವ್ವ "ಫಳ್ಳ ಅಂತೈತಿ" ಎಂದು ಕಣ್ಣು ಮುಚ್ಚಿದಳಂತೆ. ಅನ್ನಲಿಲ್ಲ. ಮೀನು ಬಂಡೆಯ ಸಂದಿಗೆ ಓಡಿತು, ಆರು ಅದನ್ನು ತಿರುಗಿಸಿತು. ಐದು ಆಗಿದ್ದರೆ ಸಂದಿಯಲ್ಲಿ ದಾರ ಕಡಿದುಹೋಗುತ್ತಿತ್ತು. ಇದನ್ನು ನಿನಗೆಂದೇ ಬರೆದೆ. ಹಾಲಿನ ಕ್ಯಾನು ಗಾಡಿಗೆ ಏರಿಸುವಷ್ಟು ಹೊತ್ತಿನಲ್ಲಿ ಅದು ನನ್ನ ಕಾಲ ಹತ್ತಿರ ಇತ್ತು. ಗೌರೀಶನದಕ್ಕಿಂತ ನಾಲ್ಕು ಬೆರಳು ಸಣ್ಣದು. ನೀರಿನಿಂದ ಎತ್ತಲೇ ಇಲ್ಲ, ನೀರಲ್ಲಿಯೇ ತಲೆಗೆ ಭಂಡಾರ ಹಚ್ಚಿದೆ. ಗಾಳ ತಾನೇ ಕಳಚಿತು. ಕೈ ಬಿಡುವ ಮೊದಲೇ ಹೋಗಿತ್ತು. ನೀರಿನ ಮೇಲೆ ಅರಿಶಿನ ಮಾತ್ರ ಉಳಿದಿತ್ತು.

ದೇವರ ಪುಸ್ತಕದಲ್ಲಿ ಬರೆಯಲು ಅಜ್ಜ ಪೆನ್ನು ತೆಗೆದು, "ರಾಯಪ್ಪನ ಮನಿ ಅಂತ ಬರೀಲೇನವಾ?" ಅಂದ.

"ಪ್ರಮಿಳಾ ಅಂತ ಬರೀರಿ" ಅಂದೆ.

ನಿನಗೆ ಬೇಸರ ಆದರೆ ಆಗಲಿ. ಬರೆದಾಗಿದೆ.

ಪ್ರಮಿಳಾ


ಹಿಂಡಲಗಾ
೨೯ ಡಿಸೆಂಬರ್ ೨೦೨೪

ಕಂಬಳಿ ಮಡುವಿನ ಕಾವಲಿನ ಪ್ರಮಿಳಾ ಅವರಿಗೆ,

ನಿಮ್ಮ ಕಾಗದ ಮುಟ್ಟಿತು. ಸಾಹೇಬರು ಅದನ್ನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದರು. ಹೊಂಗೆಯ ಟೊಂಗೆಯ ಹತ್ತಿರ ಬಂದು ನಿಲ್ಲಿಸಿ, ನೀರು ಕುಡಿದು, ಮತ್ತೆ ಓದಿದರು. ನನಗೆ ಅಷ್ಟು ಹೊತ್ತು ಕಾಯುವುದು ಈ ಆರು ತಿಂಗಳಿಗಿಂತ ಕಷ್ಟವಾಯಿತು.

ಜನವರಿ ಎಂಟಕ್ಕೆ ನನ್ನನ್ನು ಬಿಡುತ್ತಾರೆ. ನನ್ನ ಕೋಲು ಕೋರ್ಟಿನಿಂದ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದರೂ ಅದು ಐದು.

ಅದಕ್ಕೆ ಒಂದು ಮಾತು ಕೇಳುತ್ತೇನೆ. ಕಾಗದದಲ್ಲಿ ಅಪ್ಪಣೆ ಕೇಳುವ ರೂಢಿ ನಮ್ಮ ಮನೆಯಲ್ಲಿ ಇಲ್ಲ, ನಾನೇ ಮೊದಲು ಮಾಡುತ್ತಿದ್ದೇನೆ. ನಿಮ್ಮ ಮಡುವಿಗೆ ಒಂದು ದಿನ ಬರಲೇನ್ರಿ? ನಿಮ್ಮ ಕೋಲು ಒಂದು ಬೀಸು ಕೊಡ್ತೀರೇನ್ರಿ? ಹಿಡಿದದ್ದನ್ನು ಬಿಡುತ್ತೇನೆ.

ಇತಿ,
ರಾಯಪ್ಪ,
ಪ್ರಮಿಳಾಳ ಅಪ್ಪ